ಲೆಕ್ಕ ಕೇಳಿದವನ ದಂಗೆ: ವಿಲಿಯಂ ಲಯನ್ ಮೆಕೆಂಜಿ ಮತ್ತು 1837ರ ಅಪ್ಪರ್ ಕೆನಡಾ

(ಇತಿಹಾಸಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾಲ್ಕೇ ದಿನದಲ್ಲಿ ಶುರುವಾಗಿ ಮುಗಿದುಹೋದ ಒಂದು ದಂಗೆಯ ಬಗ್ಗೆ ಇವತ್ತು ಮಾತಾಡುತ್ತೇನೆ. 1837ರ ಡಿಸೆಂಬರ್ 4, ಸೋಮವಾರ ಶುರುವಾಯಿತು. ಗುರುವಾರ ಕತ್ತಲಾಗುವಷ್ಟರಲ್ಲಿ ಬಂಡುಕೋರರು ಕಾಡುಪಾಲಾಗಿದ್ದರು, ಅವರ ಠಾಣ್ಯವಾಗಿದ್ದ ಪಡಖಾನೆಗೆ ಬೆಂಕಿ ಬಿದ್ದಿತ್ತು, ನಾಯಕನ ತಲೆಯ ಮೇಲೆ 1,000 ಪೌಂಡ್ ಬಹುಮಾನ ಕಟ್ಟಲಾಗಿತ್ತು. ನಡೆದದ್ದು ಟೊರೊಂಟೊ ಊರಿನ ಉತ್ತರಕ್ಕೆ. ನಿಮ್ಮಲ್ಲಿ ಕೆಲವರ ಮಕ್ಕಳೋ ಮೊಮ್ಮಕ್ಕಳೋ ಆ ಊರಲ್ಲಿರಬಹುದು. ಯಂಗ್ ಸ್ಟ್ರೀಟ್ ಮತ್ತು ಎಗ್ಲಿಂಟನ್ ಅವೆನ್ಯೂ ಕೂಡುವ ಕಡೆ ಈಗ ಎತ್ತರೆತ್ತರದ ಕಟ್ಟಡಗಳಿವೆ, ನೆಲದಡಿ ರೈಲು ನಿಲ್ದಾಣವಿದೆ. ಆ ಪಡಖಾನೆ ಇದ್ದದ್ದು ಅಲ್ಲೇ ಹತ್ತಿರ. ಮಾಂಟ್‌ಗೊಮೆರಿ ಎಂಬವನದು. ಆಗ ಅದು ಊರಾಚೆ, ಸುತ್ತ ಕಾಡು.

ನಾಯಕನ ಹೆಸರು ವಿಲಿಯಂ ಲಯನ್ ಮೆಕೆಂಜಿ. ಸೇನಾನಿಯಲ್ಲ, ಶ್ರೀಮಂತನಲ್ಲ, ವಕೀಲನೂ ಅಲ್ಲ. ಪತ್ರಿಕೆ ನಡೆಸುತ್ತಿದ್ದ ಮನುಷ್ಯ. ಗಿಡ್ಡ ಆಳು. ಜ್ವರ ಬಂದು ಕೂದಲೆಲ್ಲ ಉದುರಿದ್ದರಿಂದ ಕೆಂಪು ಬಣ್ಣದ ವಿಗ್ ಹಾಕುತ್ತಿದ್ದ. ಭಾಷಣದ ಕಾವು ಏರಿದರೆ ಅದನ್ನೇ ಕಿತ್ತು ಎಸೆಯುತ್ತಿದ್ದನಂತೆ. ಹುಟ್ಟಿದ್ದು 1795ರಲ್ಲಿ, ಸ್ಕಾಟ್ಲೆಂಡಿನ ಡಂಡಿಯಲ್ಲಿ, ನೇಕಾರನ ಮಗನಾಗಿ. ಕೂಸು ಹುಟ್ಟಿ ತಿಂಗಳು ತುಂಬುವ ಮೊದಲೇ ಅಪ್ಪ ತೀರಿಕೊಂಡ. ಸಾಕಿದ್ದು ತಾಯಿ ಎಲಿಜಬೆತ್. ಸಣ್ಣ ಅಂಗಡಿ ನಡೆಸಿದ, ಕೈಸುಟ್ಟುಕೊಂಡ. ಇಂಗ್ಲೆಂಡಿನ ಒಂದು ಕಾಲುವೆ ಕಂಪನಿಯಲ್ಲಿ ಗುಮಾಸ್ತನಾಗಿದ್ದ. 1820ರಲ್ಲಿ ಹಡಗು ಹತ್ತಿ ಕೆನಡಾಕ್ಕೆ ಬಂದ. ಈ ಗುಮಾಸ್ತಿಕೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮೆಕೆಂಜಿಯನ್ನು ಕ್ರಾಂತಿಕಾರಿ ಅಂತ ಓದಿದರೆ ಅವನು ಅರ್ಥವಾಗುವುದಿಲ್ಲ. ಜೀವಮಾನವಿಡೀ ಅವನು ಮಾಡಿದ್ದು ಒಂದೇ ಕೆಲಸ, ಸರ್ಕಾರವನ್ನು ಲೆಕ್ಕ ಕೇಳುವುದು. ಆ ಕೆಲಸದಲ್ಲಿ ಅವನಿಗೆ ಸಾಟಿಯಿರಲಿಲ್ಲ. ಬಂದೂಕು ಹಿಡಿದದ್ದು ನಾಲ್ಕು ದಿನ. ಅದು ಅವನಿಗೆ ಬರುತ್ತಿರಲಿಲ್ಲ. ನನ್ನ ಮಾತಿನ ತಿರುಳು ಇಷ್ಟೇ. ಉಳಿದದ್ದು ವಿವರ, ಆದರೆ ರುಚಿಯೆಲ್ಲ ವಿವರದಲ್ಲೇ ಇದೆ.

ಅಪ್ಪರ್ ಕೆನಡಾ ಅಂದರೆ ಇಂದಿನ ಒಂಟಾರಿಯೊ ಪ್ರಾಂತದ ದಕ್ಷಿಣ ಭಾಗ. ಸೇಂಟ್ ಲಾರೆನ್ಸ್ ನದಿಯ ಕೆಳಪಾತ್ರದಲ್ಲಿ ಫ್ರೆಂಚ್ ಮಾತಾಡುವವರ ಲೋವರ್ ಕೆನಡಾ, ಅಂದರೆ ಇಂದಿನ ಕ್ವಿಬೆಕ್. ಮೇಲ್ಪಾತ್ರದಲ್ಲಿ ಇಂಗ್ಲಿಷ್ ಮಾತಾಡುವ ವಲಸಿಗರ ಅಪ್ಪರ್ ಕೆನಡಾ. 1791ರ ಕಾಯಿದೆ ಎರಡಕ್ಕೂ ಚುನಾಯಿತ ಶಾಸನಸಭೆ ಕೊಟ್ಟಿತ್ತು. ಆದರೆ ಸಭೆ ಪಾಸು ಮಾಡಿದ ಮಸೂದೆಯನ್ನು ಮೇಲ್ಮನೆ ತಳ್ಳಿಹಾಕಬಹುದಿತ್ತು, ಮೇಲ್ಮನೆಯ ಸದಸ್ಯರೆಲ್ಲ ಗವರ್ನರ್ ನೇಮಿಸಿದವರು, ಅದೂ ಸಾಯುವತನಕ. ಗವರ್ನರನಿಗೆ ಸಲಹೆ ಕೊಡುವ ಕಾರ್ಯಾಂಗ ಮಂಡಳಿಯೂ ನೇಮಕದ್ದೇ. ಸಭೆ ಎಷ್ಟೇ ಕೂಗಾಡಲಿ, ಮಂಡಳಿಯನ್ನು ಕೆಳಗಿಳಿಸುವಂತಿರಲಿಲ್ಲ. ನಮಗೆ ಇದು ಹೊಸ ಕತೆಯೇನಲ್ಲ. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು, ಮಾತಾಡಬಹುದಿತ್ತು, ದಿವಾನರನ್ನು ಇಳಿಸುವ ಹಕ್ಕು ಇರಲಿಲ್ಲ. 1938ರಲ್ಲಿ ಶಿವಪುರದಲ್ಲಿ ಬಾವುಟ ಹಾರಿಸಿದವರೂ, 1947ರಲ್ಲಿ ಮೈಸೂರು ಚಲೋ ಅಂದವರೂ ಕೇಳಿದ ಜವಾಬ್ದಾರಿ ಸರ್ಕಾರವಿದೆಯಲ್ಲ, ಅದಕ್ಕಾಗಿ ಬ್ರಿಟಿಷ್ ಸಾಮ್ರಾಜ್ಯದೊಳಗೆ ನಡೆದ ಮೊದಮೊದಲ ದೊಡ್ಡ ಜಗಳಗಳಲ್ಲಿ ಒಂದು ಈ ಕೆನಡಾದ್ದು.

ಅಧಿಕಾರವೆಲ್ಲ ಕೆಲವೇ ಮನೆತನಗಳ ಕೈಯಲ್ಲಿತ್ತು. ವಿರೋಧಿಗಳು ಆ ಗುಂಪನ್ನು ‘ಫ್ಯಾಮಿಲಿ ಕಾಂಪ್ಯಾಕ್ಟ್’ ಎಂದು ಕರೆದರು. ಎಲ್ಲರೂ ಒಂದೇ ಮನೆತನದವರೇನಲ್ಲ. ಮದುವೆ, ಪಾಲುದಾರಿಕೆ, ಒಂದೇ ಮೇಷ್ಟರ ಶಿಷ್ಯತ್ವ ಹೀಗೆ ಹೆಣೆದುಕೊಂಡವರು. ಮೇಷ್ಟರು ಪಾದ್ರಿ ಜಾನ್ ಸ್ಟ್ರಾಚನ್. ಶಿಷ್ಯರಲ್ಲಿ ಮುಖ್ಯನಾದವನು ಜಾನ್ ಬೆವರ್ಲಿ ರಾಬಿನ್ಸನ್. 1829ರಿಂದ ಪ್ರಾಂತದ ಮುಖ್ಯ ನ್ಯಾಯಾಧೀಶನೂ ಅವನೇ, ಮೇಲ್ಮನೆಯ ಸಭಾಧ್ಯಕ್ಷನೂ ಅವನೇ. ಇವರನ್ನು ಬರೀ ಖದೀಮರು ಅನ್ನಲಾಗದು. ರಾಬಿನ್ಸನ್ ಬುದ್ಧಿವಂತ, ನಿಷ್ಠಾವಂತ, ಹಣ ತಿಂದವನಲ್ಲ. ಜನರ ಕೈಗೆ ಆಡಳಿತ ಕೊಟ್ಟರೆ ದೇಶ ಅಮೆರಿಕದ ಪಾಲಾಗುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದ್ದ. ಪ್ರಾಮಾಣಿಕವಾಗಿ ನಂಬಿದವರ ಜೊತೆ ವ್ಯವಹರಿಸುವುದು ಇನ್ನೂ ಕಷ್ಟ.

ರೈತನಿಗೆ ಇದರಿಂದ ಏನು ತೊಂದರೆ? ಮುಖ್ಯವಾದದ್ದು ನೆಲ. ಪ್ರಾಂತದ ಭೂಮಿಯಲ್ಲಿ ಏಳನೇ ಒಂದು ಪಾಲನ್ನು ‘ಪ್ರೊಟೆಸ್ಟೆಂಟ್ ಪಾದ್ರಿಗಳಿಗೆ’ ಇನಾಮಾಗಿ ತೆಗೆದಿಟ್ಟಿದ್ದರು. ಇನ್ನೊಂದು ಏಳನೇ ಪಾಲು ದೊರೆಗೆ. ಪ್ರೊಟೆಸ್ಟೆಂಟ್ ಅಂದರೆ ಚರ್ಚ್ ಆಫ್ ಇಂಗ್ಲೆಂಡ್ ಮಾತ್ರ ಎಂಬುದು ಸ್ಟ್ರಾಚನ್ ವಾದ. ಜನರಲ್ಲಿ ಹೆಚ್ಚಿನವರು ಮೆಥಡಿಸ್ಟರು, ಪ್ರೆಸ್‌ಬಿಟೇರಿಯನ್ನರು, ಇತರರು. ಅನ್ಯಾಯ ಧರ್ಮಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಈ ಇನಾಂ ತುಂಡುಗಳು ಒಂದೆಡೆ ಇರದೆ ಹಳ್ಳಿಹಳ್ಳಿಯ ನಡುವೆ ಚೆಲ್ಲಿಕೊಂಡಿದ್ದವು. ಅಲ್ಲಿ ಉಳುವವರಿಲ್ಲ, ಮರ ಕಡಿಯುವವರಿಲ್ಲ, ರಸ್ತೆ ಹಾಕುವವರಿಲ್ಲ. ಒಬ್ಬ ರೈತ ತನ್ನ ಹೊಲದ ಎದುರು ರಸ್ತೆ ಮಾಡಿಕೊಂಡರೂ ಪಕ್ಕದ ಇನಾಂ ಕಾಡಿನಲ್ಲಿ ಅದು ಸತ್ತುಹೋಗುತ್ತಿತ್ತು. ಗೋಧಿ ಮೂಟೆ ಗಿರಣಿಗೆ ಸಾಗಿಸಲು ಒದ್ದಾಡಿದವನಿಗೆ ರಾಜ್ಯಾಂಗದ ಪಾಠ ಬೇಕಿರಲಿಲ್ಲ.

1824ರ ಮೇ 18ರಂದು ನಯಾಗರ ನದಿಯ ದಂಡೆಯ ಕ್ವೀನ್ಸ್‌ಟನ್‌ನಲ್ಲಿ ಮೆಕೆಂಜಿ ‘ಕಲೋನಿಯಲ್ ಅಡ್ವೊಕೇಟ್’ ಎಂಬ ಪತ್ರಿಕೆ ಶುರುಮಾಡಿದ. ಅದೇ ವರ್ಷದ ಕೊನೆಗೆ ರಾಜಧಾನಿ ಯಾರ್ಕ್‌ಗೆ ಬಂದ. ಟೊರೊಂಟೊಗೆ ಆಗ ಅದೇ ಹೆಸರು. ಬರವಣಿಗೆ ನಯವಾಗಿರಲಿಲ್ಲ. ಯಾರಿಗೆ ಎಷ್ಟು ಸಂಬಳ, ಯಾರ ಅಳಿಯನಿಗೆ ಯಾವ ಹುದ್ದೆ, ಬ್ಯಾಂಕ್ ಆಫ್ ಅಪ್ಪರ್ ಕೆನಡಾದ ನಿರ್ದೇಶಕರು ಯಾರ್ಯಾರು, ಇದೆಲ್ಲ ಹೆಸರು ಸಹಿತ ಅಚ್ಚಾಗುತ್ತಿತ್ತು. ಜೊತೆಗೆ ದೊಡ್ಡವರ ಅಜ್ಜಂದಿರ, ಅಜ್ಜಿಯಂದಿರ ಹಳೆ ಹಗರಣಗಳನ್ನೂ ಕೆದಕುತ್ತಿದ್ದ. ಇದು ಪತ್ರಿಕಾಧರ್ಮವೇ ಎಂದು ಕೇಳಿದರೆ, ಅಲ್ಲ. ಓದುಗರು ಮಾತ್ರ ಬಿಡದೆ ಓದಿದರು. ಓದಿದವರೆಲ್ಲ ಚಂದಾ ಕಟ್ಟಲಿಲ್ಲ. ಆ ಕಷ್ಟ ಪತ್ರಿಕೆ ನಡೆಸಿದವರಿಗೆ ಗೊತ್ತು.

1826ರ ಜೂನ್ ಹೊತ್ತಿಗೆ ಪತ್ರಿಕೆ ಮುಳುಗುವ ಹಂತದಲ್ಲಿತ್ತು. ಸಾಲ ಕೊಟ್ಟವರ ಕಣ್ಣು ತಪ್ಪಿಸಲು ಮೆಕೆಂಜಿ ಗಡಿ ದಾಟಿ ನ್ಯೂಯಾರ್ಕ್ ರಾಜ್ಯದ ಲೂಯಿಸ್ಟನ್‌ಗೆ ಹೋಗಿದ್ದ. ಅಷ್ಟರಲ್ಲಿ ಅವನ ಶತ್ರುಗಳೇ ಅವನನ್ನು ಉಳಿಸಿದರು. ಜೂನ್ 8ರ ಸಂಜೆ, ಇನ್ನೂ ಬೆಳಕಿರುವಾಗಲೇ, ದೊಡ್ಡ ಮನೆಗಳ ಹುಡುಗರು ಗುಂಪುಗಟ್ಟಿ ಬಂದು ಅಚ್ಚುಕೂಟದ ಬಾಗಿಲು ಮುರಿದು, ಯಂತ್ರ ಕೆಡವಿ, ಅಚ್ಚುಮೊಳೆಗಳನ್ನು ಹೊತ್ತೊಯ್ದು ಕೊಲ್ಲಿಯ ನೀರಿಗೆ ಸುರಿದರು. ಅವರಲ್ಲಿ ಕಾನೂನು ಕಲಿಯುತ್ತಿದ್ದವರೂ ಇದ್ದರು. ಇಬ್ಬರು ಮ್ಯಾಜಿಸ್ಟ್ರೇಟರು ಹತ್ತಿರವೇ ನಿಂತು ನೋಡಿದರು, ತಡೆಯಲಿಲ್ಲ. ಮೆಕೆಂಜಿ ದಾವೆ ಹೂಡಿದ. ಜೂರಿ 625 ಪೌಂಡ್ ಪರಿಹಾರ ಕೊಡಿಸಿತು. ಸಾಲ ತೀರಿತು, ಅಚ್ಚುಕೂಟ ಮೊದಲಿಗಿಂತ ಚೆನ್ನಾಯಿತು. ದಿವಾಳಿ ಅಂಚಿನ ಸಂಪಾದಕ ಹುತಾತ್ಮನ ಕಳೆ ಹೊತ್ತು ತಿರುಗತೊಡಗಿದ. 1828ರಲ್ಲಿ ಯಾರ್ಕ್ ಜಿಲ್ಲೆಯಿಂದ ಶಾಸನಸಭೆಗೆ ಆರಿಸಿಬಂದ.

ಸಭೆಯಲ್ಲೂ ಅದೇ ಕಸುಬು. ಬ್ಯಾಂಕಿನ ಲೆಕ್ಕ, ಅಂಚೆಯ ಲೆಕ್ಕ, ಚರ್ಚಿನ ಲೆಕ್ಕ, ವೆಲ್ಯಾಂಡ್ ಕಾಲುವೆಯ ಲೆಕ್ಕ. 1831ರ ಡಿಸೆಂಬರಿನಲ್ಲಿ ಸಭೆಯನ್ನು ಹೀಯಾಳಿಸಿ ಬರೆದ ಎಂಬ ಕಾರಣಕ್ಕೆ ಬಹುಮತದವರು ಅವನನ್ನು ಹೊರಹಾಕಿದರು. ಉಪಚುನಾವಣೆ ನಡೆಯಿತು, 1832ರ ಜನವರಿ 2ರಂದು. ಕೈ ಎತ್ತಿ, ಬಾಯಲ್ಲಿ ಹೇಳಿ ಮತ ಹಾಕುವ ಕಾಲ. ಮೆಕೆಂಜಿಗೆ 119 ಮತ, ಎದುರಾಳಿಗೆ ಒಂದು. ಎದುರಾಳಿ ಒಂದೂವರೆ ಗಂಟೆಯಲ್ಲಿ ಕಣ ಬಿಟ್ಟ. ಬೆಂಬಲಿಗರು ಚಿನ್ನದ ಪದಕ ಕೊರಳಿಗೆ ಹಾಕಿ ಹಿಮಗಾಡಿಗಳ ಮೆರವಣಿಗೆಯಲ್ಲಿ ಊರಿಗೆ ತಂದರು. ಐದು ದಿನ ಬಿಟ್ಟು ಸಭೆ ಮತ್ತೆ ಹೊರಹಾಕಿತು. ಮತ್ತೆ ಚುನಾವಣೆ, ಮತ್ತೆ ಗೆಲುವು. ಮುಂದಿನ ಎರಡು ವರ್ಷ ಇದೇ ಆಟ. ಹೊರಹಾಕಿದಷ್ಟೂ ಅವನು ಬೆಳೆದ.

1832ರಲ್ಲೇ ಜನರ ಸಹಿ ಹಾಕಿಸಿದ ಅರ್ಜಿಗಳ ಗಂಟು ಹೊತ್ತು ಲಂಡನ್ನಿಗೆ ಹೋದ. ವಸಾಹತು ಕಾರ್ಯದರ್ಶಿ ಲಾರ್ಡ್ ಗೊಡ್ರಿಚ್ ತಾಳ್ಮೆಯಿಂದ ಕೇಳಿದ. 1833ರಲ್ಲಿ, ಮೆಕೆಂಜಿಯನ್ನು ಹೊರಹಾಕುವುದರಲ್ಲಿ ಮುಂದಿದ್ದ ಅಟಾರ್ನಿ ಜನರಲ್ ಬೋಲ್ಟನ್, ಸಾಲಿಸಿಟರ್ ಜನರಲ್ ಹ್ಯಾಗರ್‌ಮನ್ ಇಬ್ಬರನ್ನೂ ಲಂಡನ್ ವಜಾ ಮಾಡಿತು. ಸಾವಿರಾರು ಮೈಲಿ ದೂರದ ಒಬ್ಬ ಪತ್ರಕರ್ತನ ದೂರಿಗೆ ಇಬ್ಬರು ಹಿರಿಯ ಅಧಿಕಾರಿಗಳ ತಲೆ ಉರುಳಿತು! ಆದರೆ ಅಷ್ಟರಲ್ಲಿ ಗೊಡ್ರಿಚ್ ಖಾತೆ ಬದಲಾಯಿತು. ಹೊಸ ಕಾರ್ಯದರ್ಶಿ ಹ್ಯಾಗರ್‌ಮನ್‌ನನ್ನು ಅದೇ ಕುರ್ಚಿಯಲ್ಲಿ ಕೂರಿಸಿದ, ಬೋಲ್ಟನ್‌ನನ್ನು ನ್ಯೂಫೌಂಡ್‌ಲ್ಯಾಂಡಿನ ಮುಖ್ಯ ನ್ಯಾಯಾಧೀಶನನ್ನಾಗಿ ಕಳಿಸಿದ. ಬ್ರಿಟಿಷರ ಮೇಲಿದ್ದ ಮೆಕೆಂಜಿಯ ನಂಬಿಕೆಗೆ ಪೆಟ್ಟು ಬಿದ್ದದ್ದು ಇಲ್ಲಿ ಎಂದು ನನಗನ್ನಿಸುತ್ತದೆ. ಕೇಳಲೇ ಇಲ್ಲ ಅಂದಿದ್ದರೆ ಇನ್ನೊಮ್ಮೆ ಕೇಳುತ್ತಿದ್ದನೇನೋ. ಕೊಟ್ಟು ಕಿತ್ತುಕೊಂಡರು.

1834ರಲ್ಲಿ ಯಾರ್ಕ್ ನಗರವಾಯಿತು, ಟೊರೊಂಟೊ ಎಂಬ ಹೆಸರು ಪಡೆಯಿತು. ಮೆಕೆಂಜಿ ಮೊದಲ ಮೇಯರ್. ಒಳ್ಳೆಯ ಮೇಯರ್ ಅನ್ನುವಂತಿಲ್ಲ. ಊರಿಗೆ ಕಾಲರಾ ಬಡಿದಾಗ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುವ ಕೆಲಸಕ್ಕೆ ತಾನೇ ಇಳಿದ, ತಾನೂ ಕಾಯಿಲೆ ಬಿದ್ದ. ಅದು ದೊಡ್ಡ ಮಾತು. ಆದರೆ ಮೇಯರನೇ ನ್ಯಾಯಾಧೀಶನೂ ಆಗಿದ್ದ ಕಾಲ ಅದು. ಕುಡಿದು ಗಲಾಟೆ ಮಾಡಿದ ಒಬ್ಬ ಹೆಂಗಸು ಕಟಕಟೆಯಿಂದ ಅವನತ್ತ ಬೂಟು ಎಸೆದಳು; ಅವಳನ್ನು ಬೀದಿಯಲ್ಲಿ ಕೊರಡಿಗೆ ಸಿಕ್ಕಿಸುವ ಶಿಕ್ಷೆ ಕೊಟ್ಟ. ಸುಧಾರಣಾವಾದಿಯ ಕೈಯಿಂದ ಬಂದ ತೀರ್ಪು ಅದು. ಆ ಶಿಕ್ಷೆಯೇ ಹಳೆಗಾಲದ್ದಾಗಿತ್ತು. ಮರು ಚುನಾವಣೆಯಲ್ಲಿ ಸೋತ.

ಅವನ ಜೀವನದ ಅತ್ಯುತ್ತಮ ಕೆಲಸ ಬಂದದ್ದು 1835ರಲ್ಲಿ. ಶಾಸನಸಭೆಯ ಕುಂದುಕೊರತೆ ಸಮಿತಿಯ ಅಧ್ಯಕ್ಷನಾಗಿ ಐನೂರಕ್ಕೂ ಹೆಚ್ಚು ಪುಟಗಳ ವರದಿ ತಂದ. ಸಂಬಳ, ಪಿಂಚಣಿ, ನೇಮಕ, ಭೂಮಿ, ಚರ್ಚಿಗೆ ಹೋದ ಹಣ, ಎಲ್ಲ ಒಂದೇ ಕಡೆ. ಕಾರ್ಯಾಂಗ ಜನಪ್ರತಿನಿಧಿಗಳಿಗೆ ಉತ್ತರ ಹೇಳಬೇಕು ಎಂಬ ಬೇಡಿಕೆಯೂ ಅದರಲ್ಲಿತ್ತು. ದಂಗೆಯ ದಿನಗಳ ಬಗ್ಗೆ ಬರೆಯುವವರು ಈ ವರದಿಯನ್ನು ಒಂದು ಸಾಲಲ್ಲಿ ದಾಟುತ್ತಾರೆ. ನನಗೆ ಕೇಳಿದರೆ ತೂಕ ಇರುವುದು ಇದಕ್ಕೇ.

ವರದಿ ಲಂಡನ್ ತಲುಪಿ ಗವರ್ನರ್ ಬದಲಾದ. 1836ರ ಜನವರಿಯಲ್ಲಿ ಬಂದವನು ಸರ್ ಫ್ರಾನ್ಸಿಸ್ ಬಾಂಡ್ ಹೆಡ್. ದಕ್ಷಿಣ ಅಮೆರಿಕದ ಬಯಲಲ್ಲಿ ಕುದುರೆ ಸವಾರಿ ಮಾಡಿದ್ದಕ್ಕೆ ಹೆಸರಾಗಿದ್ದವನು. ರಾಜಕೀಯದ ಅನುಭವ ಸೊನ್ನೆ. ಟೊರೊಂಟೊ ಗೋಡೆಗಳ ಮೇಲೆ ‘ಪಳಗಿದ ಸುಧಾರಣಾವಾದಿ’ ಎಂಬ ಸ್ವಾಗತದ ಭಿತ್ತಿಪತ್ರ ನೋಡಿ ಅವನೇ ತಬ್ಬಿಬ್ಬಾದ. ಸುಧಾರಣಾವಾದಿಗಳಾದ ರಾಬರ್ಟ್ ಬಾಲ್ಡ್‌ವಿನ್, ಜಾನ್ ರಾಲ್ಫ್ ಇಬ್ಬರನ್ನೂ ಕಾರ್ಯಾಂಗ ಮಂಡಳಿಗೆ ಕರೆದುಕೊಂಡ, ಸಲಹೆ ಮಾತ್ರ ಕೇಳಲಿಲ್ಲ. ಕೆಲವೇ ವಾರದಲ್ಲಿ ಇಡೀ ಮಂಡಳಿ ರಾಜೀನಾಮೆ ಕೊಟ್ಟಿತು. ಸಭೆ ಹಣ ಮಂಜೂರು ಮಾಡಲು ಒಪ್ಪಲಿಲ್ಲ. ಹೆಡ್ ಸಭೆ ವಿಸರ್ಜಿಸಿ ಚುನಾವಣೆಗೆ ತಾನೇ ಪ್ರಚಾರಕ್ಕೆ ಇಳಿದ: ರಾಜನಿಗೆ ನಿಷ್ಠರೋ, ಅಮೆರಿಕದ ಗಣರಾಜ್ಯಕ್ಕೋ? ಸುಧಾರಣಾವಾದಿಗಳು ನೆಲಕಚ್ಚಿದರು. ಮೆಕೆಂಜಿಯೂ ಸೋತ. ಗವರ್ನರನ ಆಟ ಹೇಗೇ ಇರಲಿ, ಬಹಳ ಮತದಾರರು, ಅದರಲ್ಲೂ ಬ್ರಿಟನ್ನಿನಿಂದ ಹೊಸದಾಗಿ ಬಂದವರು, ಮನಸಾರೆ ರಾಜನ ಕಡೆ ನಿಂತರು. ಮೆಕೆಂಜಿಗೆ ಇದನ್ನು ನಂಬಲಾಗಲಿಲ್ಲ. ಜನ ತನ್ನ ಜೊತೆಗಿದ್ದಾರೆ, ಚುನಾವಣೆಯೇ ಮೋಸ ಎಂಬ ತೀರ್ಮಾನಕ್ಕೆ ಬಂದ. ಅವನ ಎಲ್ಲ ತಪ್ಪು ಲೆಕ್ಕಗಳ ಬೇರು ಅಲ್ಲಿದೆ. 1836ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ‘ಕಾನ್‌ಸ್ಟಿಟ್ಯೂಷನ್’ ಎಂಬ ಹೊಸ ಪತ್ರಿಕೆ ಹೊರತಂದ.

1837 ಕೆಟ್ಟ ವರ್ಷ. ಅಮೆರಿಕದಲ್ಲಿ ಬ್ಯಾಂಕುಗಳು ಮುಚ್ಚಿಕೊಂಡವು, ಅದರ ಬಿಸಿ ಇಲ್ಲಿಗೂ ತಟ್ಟಿತು, ಬೆಳೆ ಕೈಕೊಟ್ಟಿತು, ಸಾಲ ವಸೂಲಿ ಬಿಗಿಯಾಯಿತು. ಲೋವರ್ ಕೆನಡಾದಲ್ಲಿ ಲೂಯಿ ಜೋಸೆಫ್ ಪಾಪಿನೊ ನಾಯಕತ್ವದ ದೇಶಭಕ್ತರು 92 ನಿರ್ಣಯಗಳನ್ನು ಕಳಿಸಿದ್ದರು, ಲಂಡನ್ 10 ನಿರ್ಣಯಗಳಲ್ಲಿ ಎಲ್ಲವನ್ನೂ ತಿರಸ್ಕರಿಸಿತು. ನವೆಂಬರಿನಲ್ಲಿ ಅಲ್ಲಿ ಗುಂಡು ಹಾರಿತು. ಹೆಡ್ ತನ್ನ ಪ್ರಾಂತದ ಸೈನ್ಯವನ್ನೆಲ್ಲ ಅತ್ತ ಕಳಿಸಿಬಿಟ್ಟ. ಟೊರೊಂಟೊದಲ್ಲಿ ಸಿಪಾಯಿಗಳೇ ಉಳಿಯಲಿಲ್ಲ. ಸಾವಿರಾರು ಬಂದೂಕುಗಳು ಸಿಟಿ ಹಾಲಿನಲ್ಲಿ ಬಿದ್ದಿದ್ದವು, ಕಾವಲಿಗೆ ಬೆರಳೆಣಿಕೆಯ ಪೇದೆಗಳು. ಈಗಲೇ ನುಗ್ಗಿ ತೆಗೆದುಕೊಳ್ಳೋಣ ಅಂತ ಮೆಕೆಂಜಿ ಒಂದು ಗುಪ್ತ ಸಭೆಯಲ್ಲಿ ಹೇಳಿದ, ಉಳಿದವರು ಹೆದರಿದರು. ಆಮೇಲೆ ಡಿಸೆಂಬರ್ 7 ಎಂದು ದಿನ ಗೊತ್ತಾಯಿತು. ರೈತರು ಮಾಂಟ್‌ಗೊಮೆರಿ ಪಡಖಾನೆಯಲ್ಲಿ ಸೇರುವುದು, ಅಲ್ಲಿಂದ ಊರಿಗೆ ಇಳಿಯುವುದು. ಊರೊಳಗಿನ ಹೊಣೆ ಡಾಕ್ಟರ್ ರಾಲ್ಫ್‌ನದು.

ಮುಂದಿನದ್ದನ್ನು ಹೇಳುವಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಗುಟ್ಟು ರಟ್ಟಾಯಿತೆಂದು ರಾಲ್ಫ್ ಗಾಬರಿಯಾಗಿ, ದಿನವನ್ನು 4ಕ್ಕೆ ಹಿಂದೂಡಿ ಹೇಳಿಕಳಿಸಿದ. ಉತ್ತರದ ಹಾಲೆಂಡ್ ಲ್ಯಾಂಡಿಂಗಿನ ಕಮ್ಮಾರ ಸ್ಯಾಮ್ಯುಯೆಲ್ ಲೌಂಟ್ ತನ್ನ ಜನರನ್ನು ಕರೆದುಕೊಂಡು ಕೆಸರಲ್ಲಿ ಮೂವತ್ತು ಮೈಲಿಗೂ ಹೆಚ್ಚು ನಡೆದು ಬಂದ. ಭರ್ಜಿಗಳ ಮೊನೆ ಕಾಸಿದ್ದು ಅವನೇ. ಪಡಖಾನೆಯ ಮಾಲೀಕನಿಗೆ ಇಷ್ಟು ಜನ ಬರುವ ಸುದ್ದಿಯೇ ಇರಲಿಲ್ಲ, ಊಟ ಸಾಲಲಿಲ್ಲ. ಆ ರಾತ್ರಿ ಊರಿಗೆ ಸುದ್ದಿ ಮುಟ್ಟಿಸಲು ಕುದುರೆ ಏರಿ ನುಗ್ಗಿದ ನಿವೃತ್ತ ಸೇನಾಧಿಕಾರಿ ರಾಬರ್ಟ್ ಮೂಡಿ ಗುಂಡಿಗೆ ಬಲಿಯಾದ. ಅತ್ತ ಬಂಡುಕೋರರಲ್ಲಿ ಸೈನಿಕ ಅನುಭವವಿದ್ದ ಆಂಥನಿ ಆಂಡರ್ಸನ್‌ನನ್ನು, ಸೆರೆಸಿಕ್ಕ ಜಾನ್ ಪವೆಲ್ ಎಂಬ ನಗರಸಭಾ ಸದಸ್ಯ ಬಚ್ಚಿಟ್ಟಿದ್ದ ಪಿಸ್ತೂಲಿನಿಂದ ಹೊಡೆದು ಪರಾರಿಯಾದ. ಮೆಕೆಂಜಿ ಅವನ ಮಾತನ್ನು ನಂಬಿ ಮೈ ತಡವಿ ನೋಡಿರಲಿಲ್ಲ. ಓಡುವ ದಾರಿಯಲ್ಲಿ ಪವೆಲ್ ಇನ್ನೊಂದು ಪಿಸ್ತೂಲನ್ನು ಮೆಕೆಂಜಿಯ ಮುಖಕ್ಕೇ ಹಿಡಿದು ಟ್ರಿಗರ್ ಎಳೆದ. ಅದು ಹಾರಲಿಲ್ಲ.

ಮರುದಿನ ಹೆಡ್ ಸಂಧಾನದ ಬಿಳಿ ಬಾವುಟ ಕಳಿಸಿದ. ಹೊತ್ತು ತಂದವರು ಯಾರು? ರಾಬರ್ಟ್ ಬಾಲ್ಡ್‌ವಿನ್ ಮತ್ತು ಡಾಕ್ಟರ್ ರಾಲ್ಫ್! ಬಾಲ್ಡ್‌ವಿನ್‌ಗೆ ದಂಗೆಯ ಗಾಳಿಗಂಧವಿಲ್ಲ. ರಾಲ್ಫ್ ದಂಗೆಯ ಒಳಗಿನವನು, ಗವರ್ನರನಿಗೆ ಅದು ಗೊತ್ತಿಲ್ಲ. ಸಂಧಾನ ಮುರಿಯಿತು. ಸಂಜೆ ಐನೂರಕ್ಕೂ ಹೆಚ್ಚು ಜನ ಯಂಗ್ ಸ್ಟ್ರೀಟಿನಲ್ಲಿ ದಕ್ಷಿಣಕ್ಕೆ ಇಳಿದರು. ತೋಟದ ಬೇಲಿಯ ಹಿಂದೆ ಶೆರೀಫ್ ಜಾರ್ವಿಸ್ ಇಪ್ಪತ್ತೇಳು ಜನರೊಂದಿಗೆ ಅಡಗಿದ್ದ. ಅವರು ಒಂದು ಸುತ್ತು ಗುಂಡು ಹಾರಿಸಿ ಕಿತ್ತು ಓಡಿದರು. ಇತ್ತ ಲೌಂಟ್‌ನ ಮುಂಚೂಣಿಯವರು ಗುಂಡು ಹಾರಿಸಿ, ಹಿಂದಿನವರಿಗೆ ದಾರಿ ಬಿಡಲು ನೆಲಕ್ಕೆ ಬಿದ್ದರು. ಹಿಂದೆ ಭರ್ಜಿ, ದೊಣ್ಣೆ ಹಿಡಿದು ನಿಂತಿದ್ದ ರೈತರು ಮುಂದಿನ ಸಾಲು ಪೂರ್ತಿ ಸತ್ತಿತೆಂದು ತಿಳಿದು ಓಟ ಕಿತ್ತರು. ಎರಡೂ ಕಡೆಯವರು ಒಬ್ಬರಿಂದೊಬ್ಬರು ದೂರ ಓಡುತ್ತಿದ್ದರು, ನಡುವೆ ರಸ್ತೆ ಖಾಲಿ. ಊರು ದಕ್ಕಬಹುದಾಗಿದ್ದ ಹೊತ್ತು ಇದ್ದರೆ ಅದೊಂದೇ.

ಆ ದಿನಗಳಲ್ಲಿ ಮೆಕೆಂಜಿಯ ತಲೆ ನೆಟ್ಟಗಿರಲಿಲ್ಲ ಎಂದು ಜೊತೆಗಿದ್ದವರೇ ಹೇಳಿದ್ದಾರೆ. ಟೋರಿ, ಅಂದರೆ ಸರ್ಕಾರದ ಕಡೆಯ, ಡಾಕ್ಟರನೊಬ್ಬನ ಮನೆ ಸುಟ್ಟ. ಶೆರೀಫನ ಮನೆ ಸುಡಹೊರಟಾಗ ಲೌಂಟ್ ಒಪ್ಪಲಿಲ್ಲ. ಬುಧವಾರ ಅಂಚೆ ಗಾಡಿ ಅಡ್ಡಗಟ್ಟಿ ಕಾಗದ ಒಡೆದು ಓದುತ್ತ ಕೂತ. ಸಂಪಾದಕನ ಚಾಳಿ ಹೋಗಲಿಲ್ಲ ನೋಡಿ.

ಗುರುವಾರ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಬ್ಯಾಂಡು ಬಾರಿಸುತ್ತ, ಎರಡು ಫಿರಂಗಿ ಎಳೆದುಕೊಂಡು ಬಂದರು. ಬಂಡುಕೋರರ ದಂಡನಾಯಕ, ನೆಪೋಲಿಯನ್ ಕಾಲದ ಯುದ್ಧಗಳನ್ನು ಕಂಡಿದ್ದ ಡಚ್ ಮೂಲದ ಮುದುಕ ಆಂಥನಿ ವ್ಯಾನ್ ಎಗ್ಮಂಡ್, ಬಂದು ತಲುಪಿದ್ದೇ ಆ ಬೆಳಿಗ್ಗೆ. ಅವನಿಗೆ ಹೇಳಿದ್ದ ದಿನ 7. ಅವನು ಸರಿಯಾಗಿಯೇ ಬಂದಿದ್ದ. ಕಾಳಗ ಅರ್ಧ ಗಂಟೆ ನಡೆದಿದ್ದರೆ ಹೆಚ್ಚು. ಪಡಖಾನೆಯ ಗೋಡೆಗೆ ಫಿರಂಗಿ ಗುಂಡು ಹೊಕ್ಕ ಕೂಡಲೇ ಎಲ್ಲರೂ ದಿಕ್ಕಾಪಾಲು.

ಇಲ್ಲೊಂದು ಸಂಗತಿ ಹೇಳಲೇಬೇಕು. ದಂಗೆ ಅಡಗಿಸಲು ಮುಂದೆ ಬಂದವರಲ್ಲಿ ಕಪ್ಪು ಜನರ ತುಕಡಿಗಳಿದ್ದವು. ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ನೆಲೆಸಿದವರು. ಬ್ರಿಟಿಷ್ ಸಾಮ್ರಾಜ್ಯ 1834ರಲ್ಲಿ ಗುಲಾಮಗಿರಿ ತೆಗೆದಿತ್ತು. ನವೆಂಬರ್ 15ರಂದು ಮೆಕೆಂಜಿ ತನ್ನ ಪತ್ರಿಕೆಯಲ್ಲಿ ಅಚ್ಚು ಮಾಡಿದ ಸಂವಿಧಾನದ ಕರಡು ಬಹಳಮಟ್ಟಿಗೆ ಅಮೆರಿಕದ್ದನ್ನು ಅನುಸರಿಸಿತ್ತು. ಮೆಕೆಂಜಿ ಗುಲಾಮಗಿರಿಯ ವಿರೋಧಿ, ನಿಜ. ಆದರೆ ಅಮೆರಿಕದ ಗಣರಾಜ್ಯ ಹೇಗಿರುತ್ತದೆಂದು ಬೆನ್ನ ಮೇಲಿನ ಬಾಸುಂಡೆಯಿಂದ ತಿಳಿದವರು ರಾಣಿಯ ಕಡೆ ನಿಂತರೆ ಅವರನ್ನು ಪ್ರಜಾಪ್ರಭುತ್ವದ ವಿರೋಧಿಗಳು ಅನ್ನಲು ನಾಲಿಗೆ ಬರುವುದಿಲ್ಲ. ಇನ್ನು, ಆ ನೆಲದ ಮೂಲ ನಿವಾಸಿಗಳು ಎರಡೂ ಕಡೆಯ ಲೆಕ್ಕದಲ್ಲಿ ಇರಲೇ ಇಲ್ಲ. ಜಗಳವಾಡುತ್ತಿದ್ದ ಭೂಮಿ ಅವರದು.

ಮೆಕೆಂಜಿ ತಪ್ಪಿಸಿಕೊಂಡ. ಹಳ್ಳಿಗಳ ಜನ ಅಡಗಿಸಿಟ್ಟರು, ಉಣ್ಣಲು ಕೊಟ್ಟರು, ದಾರಿ ತೋರಿದರು. 1,000 ಪೌಂಡ್ ಆಸೆಗೆ ಒಬ್ಬರೂ ಹಿಡಿದುಕೊಡಲಿಲ್ಲ. ಡಿಸೆಂಬರ್ 11ರಂದು ದೋಣಿಯಲ್ಲಿ ನಯಾಗರ ದಾಟಿದ. ರಾಲ್ಫ್ ಅಷ್ಟರಲ್ಲಿ ದಾಟಿಯಾಗಿತ್ತು. ಸಿಕ್ಕಿಬಿದ್ದವರು ಕೆಳಗಿನವರು. ವ್ಯಾನ್ ಎಗ್ಮಂಡ್ ಸೆರೆಯ ಚಳಿಯಲ್ಲಿ ಕಾಯಿಲೆ ಬಿದ್ದು ಜನವರಿಯಲ್ಲಿ ಸತ್ತ. ಲೌಂಟ್‌ಗೂ, ಪಿಕರಿಂಗ್‌ನ ರೈತ ಪೀಟರ್ ಮ್ಯಾಥ್ಯೂಸ್‌ಗೂ ಮರಣದಂಡನೆ ಆಯಿತು. ತೀರ್ಪು ಓದಿದವನು ಮುಖ್ಯ ನ್ಯಾಯಾಧೀಶ ರಾಬಿನ್ಸನ್. ಕ್ಷಮೆ ಕೋರಿ ಸಾವಿರಾರು ಜನ ಸಹಿ ಹಾಕಿದರು. ಲೌಂಟ್‌ನ ಹೆಂಡತಿ ಎಲಿಜಬೆತ್ ಹೊಸ ಗವರ್ನರ್ ಸರ್ ಜಾರ್ಜ್ ಆರ್ಥರ್ ಮುಂದೆ ಮಂಡಿಯೂರಿ ಬೇಡಿದಳು. 1838ರ ಏಪ್ರಿಲ್ 12ರಂದು ಟೊರೊಂಟೊ ಜೈಲಿನಂಗಳದಲ್ಲಿ ಇಬ್ಬರನ್ನೂ ಗಲ್ಲಿಗೇರಿಸಿದರು. ಶೆರೀಫನ ಮನೆಗೆ ಬೆಂಕಿಯಿಡಲು ಒಪ್ಪದವನು ನೇಣಿಗೆ ಹೋದ.

ಈ ಆರ್ಥರ್ ನಮಗೆ ಪೂರ್ತಿ ಅಪರಿಚಿತನಲ್ಲ. 1842ರಿಂದ 1846ರವರೆಗೆ ಅವನು ಮುಂಬೈ ಪ್ರಾಂತದ ಗವರ್ನರ್. ಧಾರವಾಡ, ಬೆಳಗಾವಿ ಆಗ ಆ ಪ್ರಾಂತದವು. ಸಾಮ್ರಾಜ್ಯದ ಅಧಿಕಾರಿಗಳು ಹೀಗೇ ಸುತ್ತುತ್ತಿದ್ದರು. ಕೋಲ್ಕತ್ತದಲ್ಲಿ ಹಂಗಾಮಿ ಗವರ್ನರ್ ಜನರಲ್ ಆಗಿದ್ದಾಗ 1835ರಲ್ಲಿ ಪತ್ರಿಕೆಗಳ ಮೇಲಿನ ಕಟ್ಟುಪಾಡು ತೆಗೆದು ಹೆಸರಾದ ಚಾರ್ಲ್ಸ್ ಮೆಟ್‌ಕಾಫ್, 1843ರಲ್ಲಿ ಕೆನಡಾದ (ಅಷ್ಟರಲ್ಲಿ ಅಪ್ಪರ್, ಲೋವರ್ ಎರಡನ್ನೂ ಸೇರಿಸಿ ಒಂದೇ ಪ್ರಾಂತ, ಒಂದೇ ಸದನ ಮಾಡಿದ್ದರು) ಗವರ್ನರ್ ಜನರಲ್ ಆಗಿ, ಮಂತ್ರಿಗಳ ಮಾತು ಕೇಳಲು ಒಪ್ಪದೆ ಬಾಲ್ಡ್‌ವಿನ್ ಜೊತೆ ಜಟಾಪಟಿಗಿಳಿದ. ಇಂಡಿಯಾದಲ್ಲಿ ಉದಾರಿ, ಕೆನಡಾದಲ್ಲಿ ಹಟಮಾರಿ. ಮೂರನೆಯವನ ಮಾತು ಆಮೇಲೆ.

ಮೆಕೆಂಜಿ ಸುಮ್ಮನೆ ಕೂರಲಿಲ್ಲ. ನಯಾಗರ ಜಲಪಾತದ ಮೇಲ್ಗಡೆಯ ನೇವಿ ಐಲ್ಯಾಂಡ್ ಎಂಬ ನಡುಗಡ್ಡೆ ಹಿಡಿದು ಡಿಸೆಂಬರ್ 13ರಂದು ‘ಕೆನಡಾ ಗಣರಾಜ್ಯ’ ಘೋಷಿಸಿದ. ಸೇರಿದವರಿಗೆ ತಲಾ 300 ಎಕರೆ, ಗೆದ್ದ ಮೇಲೆ. ಅವರಿಗೆ ಸಾಮಾನು ಸಾಗಿಸುತ್ತಿದ್ದ ಅಮೆರಿಕದ ಕ್ಯಾರೊಲಿನ್ ಎಂಬ ಉಗಿದೋಣಿಯನ್ನು ಬ್ರಿಟಿಷ್ ಕಡೆಯವರು 29ರ ರಾತ್ರಿ ಅಮೆರಿಕದ ದಡಕ್ಕೇ ನುಗ್ಗಿ ಸುಟ್ಟುಹಾಕಿದರು, ಒಬ್ಬ ಸತ್ತ. ಎರಡು ದೇಶಗಳು ಯುದ್ಧದಂಚಿಗೆ ಬಂದವು. ದಾಳಿಯಾಗುವ ಮೊದಲೇ ಆತ್ಮರಕ್ಷಣೆ ಅಂತ ಹೊಡೆಯಬಹುದೇ, ಎಷ್ಟು ತುರ್ತಿದ್ದರೆ ಹೊಡೆಯಬಹುದು ಎಂಬ ಬಗ್ಗೆ ಅಮೆರಿಕದ ವಿದೇಶ ಕಾರ್ಯದರ್ಶಿ ಡೇನಿಯಲ್ ವೆಬ್‌ಸ್ಟರ್ 1841ರಲ್ಲಿ ಬರೆದ ಮಾತುಗಳನ್ನು ಅಂತಾರಾಷ್ಟ್ರೀಯ ಕಾನೂನಿನಲ್ಲಿ ಇವತ್ತಿಗೂ ಉಲ್ಲೇಖಿಸುತ್ತಾರೆ. ಗಣರಾಜ್ಯ ಒಂದು ತಿಂಗಳು ಬಾಳಿತು.

ಅಮೆರಿಕದವರು ಅವನನ್ನು ತಟಸ್ಥ ನೀತಿ ಮುರಿದದ್ದಕ್ಕೆ 1839ರಲ್ಲಿ ರಾಚೆಸ್ಟರ್ ಜೈಲಿಗೆ ಹಾಕಿದರು. ಸುಮಾರು ಹನ್ನೊಂದು ತಿಂಗಳು ಒಳಗಿದ್ದ. ಸಾಕಿ ಬೆಳೆಸಿದ ತಾಯಿ ಆ ಅವಧಿಯಲ್ಲೇ ತೀರಿಕೊಂಡಳು. ಆಮೇಲೆ ನ್ಯೂಯಾರ್ಕಿನ ಸುಂಕದ ಕಚೇರಿಯಲ್ಲಿ ಗುಮಾಸ್ತನಾದ. ಅಲ್ಲಿ ಹಳೆ ಅಧಿಕಾರಿಯೊಬ್ಬನ ಪತ್ರಗಳ ಕಟ್ಟು ಕೈಗೆ ಸಿಕ್ಕಿತು; ಪಕ್ಷದ ದೊಡ್ಡವರು ಹುದ್ದೆ ಹಂಚಿಕೊಂಡ ಬಗೆಯೆಲ್ಲ ಅದರಲ್ಲಿತ್ತು. ಬಿಡುತ್ತಾನೆಯೇ? 1845ರಲ್ಲಿ ಅಚ್ಚು ಹಾಕಿಸಿದ. ಯಾವ ಗಣರಾಜ್ಯವನ್ನು ಮಾದರಿ ಎಂದು ಹೊತ್ತು ತಿರುಗಿದ್ದನೋ ಅಲ್ಲೂ ಅಳಿಯಂದಿರಿದ್ದರು, ಬ್ಯಾಂಕುಗಳಿದ್ದವು. ಅಮೆರಿಕವನ್ನು ಮೊದಲೇ ಹತ್ತಿರದಿಂದ ನೋಡಿದ್ದರೆ ದಂಗೆಗೆ ಇಳಿಯುತ್ತಿರಲಿಲ್ಲ ಎಂಬರ್ಥದ ಮಾತನ್ನು 1849ರಲ್ಲಿ ವಸಾಹತು ಕಾರ್ಯದರ್ಶಿ ಅರ್ಲ್ ಗ್ರೇಗೆ ಬರೆದ. ಕ್ಷಮಾಪಣೆ ಬೇಕಿದ್ದ ಮನುಷ್ಯನ ಮಾತು ಅಂತ ಸ್ವಲ್ಪ ಕಡಿತ ಮಾಡಿಕೊಂಡು ಓದಬಹುದು. ಪೂರ್ತಿ ಸುಳ್ಳೆಂದು ನನಗನ್ನಿಸುವುದಿಲ್ಲ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಸೋತ ದಂಗೆಯಿಂದಲೇ ಕೆನಡಾಕ್ಕೆ ಜವಾಬ್ದಾರಿ ಸರ್ಕಾರ ಬಂತಲ್ಲವೇ? ಶಾಲೆಯ ಪುಸ್ತಕಗಳು ಹಾಗೇ ಹೇಳುತ್ತವೆ: ದಂಗೆ, ಅದರ ಕಾರಣ ವಿಚಾರಿಸಲು ಲಂಡನ್ ಕಳಿಸಿದ ಲಾರ್ಡ್ ಡರ್ಹಮ್ ಆಗಮನ, ಅವನ 1839ರ ವರದಿ, 1848ರಲ್ಲಿ ಜವಾಬ್ದಾರಿ ಸರ್ಕಾರ. ನಾನು ಅಷ್ಟು ಸಲೀಸಾಗಿ ಒಪ್ಪಲಾರೆ. ಲಂಡನ್ನನ್ನು ಎಬ್ಬಿಸಿದ್ದು ಮುಖ್ಯವಾಗಿ ಲೋವರ್ ಕೆನಡಾದ ರಕ್ತ. ಸೇಂಟ್ ಯುಸ್ಟಾಶ್ ಎಂಬ ಒಂದೇ ಹಳ್ಳಿಯಲ್ಲಿ ಸುಮಾರು 70 ಜನ ಸತ್ತರು. ಮಾಂಟ್ರಿಯಲ್‌ನಲ್ಲಿ 12 ಜನರನ್ನು ಗಲ್ಲಿಗೇರಿಸಿದರು, 58 ಜನರನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ಅದರ ಪಕ್ಕದಲ್ಲಿ ಯಂಗ್ ಸ್ಟ್ರೀಟಿನ ಕಾಳಗ ಚಿಕ್ಕದು. ಡರ್ಹಮ್‌ಗೆ ಜವಾಬ್ದಾರಿ ಸರ್ಕಾರದ ಸೂತ್ರವನ್ನು ಬಿಡಿಸಿ ಹೇಳಿದವರು ರಾಬರ್ಟ್ ಬಾಲ್ಡ್‌ವಿನ್ ಮತ್ತು ಅವನ ತಂದೆ, ಬಂದೂಕು ಮುಟ್ಟದವರು. ಇನ್ನೊಂದು, ನೋವಾ ಸ್ಕೋಶಿಯ ಪ್ರಾಂತ. ಅಲ್ಲಿಯೂ ಜೋಸೆಫ್ ಹೌ ಎಂಬ ಪತ್ರಿಕಾ ಸಂಪಾದಕನೇ ಮುಂದಾಳು. ಒಂದು ಗುಂಡೂ ಹಾರದೆ ಆ ಪ್ರಾಂತ 1848ರ ಫೆಬ್ರವರಿಯಲ್ಲಿ, ಕೆನಡಾಕ್ಕಿಂತ ತಿಂಗಳು ಮುಂಚೆ, ಜವಾಬ್ದಾರಿ ಸರ್ಕಾರ ಪಡೆಯಿತು. ಹಾಗೆಂದು ಮೆಕೆಂಜಿಯ ಪಾಲು ಏನೂ ಇಲ್ಲವೆನ್ನುತ್ತಿಲ್ಲ. ಗವರ್ನರನ ಖರ್ಚಿನ ಚೀಟಿಯನ್ನು ಪ್ರಶ್ನಿಸುವ ಹಕ್ಕು ಕಮ್ಮಾರನಿಗೂ ಇದೆ ಎಂದು ಹದಿಮೂರು ವರ್ಷ ವಾರವಾರವೂ ಹೇಳಿ ಹೇಳಿ ಕಲಿಸಿದವನು ಅವನು. ದಂಗೆ ಆ ಕೆಲಸವನ್ನು ಮುಂದೊಯ್ಯಲಿಲ್ಲ, ಕೆಲವು ವರ್ಷ ಹಿಂದೆ ತಳ್ಳಿತು. ಸುಧಾರಣೆ ಅಂದವರೆಲ್ಲ ರಾಜದ್ರೋಹಿ ಅನ್ನಿಸಿಕೊಂಡರು, ಅನೇಕ ಕುಟುಂಬಗಳು ಗಡಿ ದಾಟಿ ಹೋದವು.

ಮೂರನೆಯ ಗವರ್ನರ್ ಲಾರ್ಡ್ ಎಲ್ಗಿನ್. 1848ರ ಮಾರ್ಚಿನಲ್ಲಿ ಲೋವರ್ ಕೆನಡಾದ ಸುಧಾರಣಾವಾದಿ ಲಾಫಾಂಟೇನ್ ಮತ್ತು ಬಾಲ್ಡ್‌ವಿನ್ ಅವರ ಮಂತ್ರಿಮಂಡಲವನ್ನು ಒಪ್ಪಿಕೊಂಡವನು. ಮರುವರ್ಷ, ಲೋವರ್ ಕೆನಡಾದ ದಂಗೆಯಲ್ಲಿ ಆಸ್ತಿ ಕಳೆದುಕೊಂಡವರಿಗೆ ಪರಿಹಾರ ಕೊಡುವ ಮಸೂದೆಗೆ ತನಗೆ ಇಷ್ಟವಿಲ್ಲದಿದ್ದರೂ ಸಹಿ ಹಾಕಿದ, ಯಾಕೆಂದರೆ ಬಹುಮತದ ಮಂತ್ರಿಗಳು ಹಾಗೆ ಹೇಳಿದ್ದರು. ರಾಜನಿಷ್ಠೆಯ ಗುತ್ತಿಗೆ ಹಿಡಿದವರು ಅವನ ಗಾಡಿಗೆ ಮೊಟ್ಟೆ ಹೊಡೆದು, ಮಾಂಟ್ರಿಯಲ್‌ನ ಪಾರ್ಲಿಮೆಂಟ್ ಭವನವನ್ನೇ ಸುಟ್ಟರು. ಇದೇ ಎಲ್ಗಿನ್ 1860ರಲ್ಲಿ ಬೀಜಿಂಗ್‌ನ ಬೇಸಿಗೆ ಅರಮನೆಯನ್ನು ಸುಡಿಸಿದ. 1862ರಲ್ಲಿ ಭಾರತಕ್ಕೆ ವೈಸರಾಯ್ ಆಗಿ ಬಂದು ಮರುವರ್ಷ ಧರ್ಮಶಾಲಾದಲ್ಲಿ ಸತ್ತ. ಮಾಂಟ್ರಿಯಲ್‌ನ ನಿಯಮ ಬೀಜಿಂಗ್‌ಗೂ ಅನ್ವಯಿಸಲಿಲ್ಲ, ಕೋಲ್ಕತ್ತಕ್ಕೂ ಅನ್ವಯಿಸಲಿಲ್ಲ.

1849ರ ಕ್ಷಮಾದಾನದ ನಂತರ ಮೆಕೆಂಜಿ ಟೊರೊಂಟೊಗೆ ಬಂದು ನೋಡಿದ. ಜನ ಅವನ ಪ್ರತಿಕೃತಿ ಸುಟ್ಟು ಗಲಾಟೆ ಎಬ್ಬಿಸಿದರು. 1850ರಲ್ಲಿ ಸಂಸಾರ ಸಮೇತ ಬಂದು ನೆಲೆಸಿದ. 1861ರಲ್ಲಿ, ಗೆಳೆಯರು ಚಂದಾ ಎತ್ತಿ ಕೊಡಿಸಿದ ಬಾಂಡ್ ಸ್ಟ್ರೀಟಿನ ಮನೆಯಲ್ಲಿ ತೀರಿಕೊಂಡ. ಆ ಮನೆ ಈಗ ವಸ್ತುಸಂಗ್ರಹಾಲಯ. ಹೋದಾಗ ನೋಡಿ ಬನ್ನಿ. ಮಗಳ ಮಗ ವಿಲಿಯಂ ಲಯನ್ ಮೆಕೆಂಜಿ ಕಿಂಗ್ 1948ರವರೆಗೆ, ಒಟ್ಟು ಇಪ್ಪತ್ತೊಂದು ವರ್ಷಕ್ಕೂ ಹೆಚ್ಚು ಕಾಲ, ಕೆನಡಾದ ಪ್ರಧಾನಿಯಾಗಿದ್ದ. ಅಜ್ಜನ ಹೆಸರನ್ನು ಚೆನ್ನಾಗಿ ಬಳಸಿಕೊಂಡ. ಸ್ವಭಾವದಲ್ಲಿ ಅಜ್ಜನ ಎಳೆಯೂ ಇರಲಿಲ್ಲ. ಮೂರು ಸಲ ಯೋಚಿಸದೆ ಒಂದು ಹೆಜ್ಜೆ ಇಡದ ಮನುಷ್ಯ.

ಆದರೆ ನನಗೆ ತುಂಬ ಇಷ್ಟವಾದ ಪ್ರಸಂಗ 1851ರದ್ದು. ಆ ವರ್ಷ ಹಾಲ್ಡಿಮಂಡ್ ಕ್ಷೇತ್ರದ ಉಪಚುನಾವಣೆಯಲ್ಲಿ, ‘ಗ್ಲೋಬ್’ ಪತ್ರಿಕೆಯ ಪ್ರಬಲ ಸಂಪಾದಕ ಜಾರ್ಜ್ ಬ್ರೌನ್‌ನನ್ನು ಸೋಲಿಸಿ ಮೆಕೆಂಜಿ ಸದನಕ್ಕೆ ಬಂದ. ಅಧಿಕಾರದಲ್ಲಿದ್ದದ್ದು ತನ್ನ ಹಳೆಯ ಸುಧಾರಣಾ ಪಕ್ಷ, ಮುಖ್ಯಸ್ಥ ಅದೇ ಬಾಲ್ಡ್‌ವಿನ್. ಯಾರೇ ಕುರ್ಚಿಯಲ್ಲಿರಲಿ ಮೆಕೆಂಜಿಗೆ ಒಂದೇ. ಜೂನ್ ಕೊನೆಯಲ್ಲಿ ಅವನೊಂದು ನಿರ್ಣಯ ತಂದ: ಖರ್ಚು ಹೆಚ್ಚು, ಕೆಲಸ ನಿಧಾನ, ಆಸ್ತಿ, ಟ್ರಸ್ಟಿನಂಥ ವ್ಯಾಜ್ಯ ನೋಡುವ ಚಾನ್ಸರಿ ಕೋರ್ಟನ್ನು ತೆಗೆದುಹಾಕಬೇಕು. ಆ ಕೋರ್ಟನ್ನು ಎರಡು ವರ್ಷ ಹಿಂದೆ ಹೊಸದಾಗಿ ಕಟ್ಟಿದವನೇ ಬಾಲ್ಡ್‌ವಿನ್. ಮತಕ್ಕೆ ಹಾಕಿದಾಗ ಸರ್ಕಾರ ಗೆದ್ದಿತು, ಆದರೆ ಗೆಲ್ಲಿಸಿದ್ದು ಲೋವರ್ ಕೆನಡಾದ ಸದಸ್ಯರು. ಬಾಲ್ಡ್‌ವಿನ್‌ನ ಸ್ವಂತ ಭಾಗದ, ಅಪ್ಪರ್ ಕೆನಡಾದ ಸದಸ್ಯರಲ್ಲಿ ಹೆಚ್ಚಿನವರು ಮೆಕೆಂಜಿಯ ಕಡೆ ಕೈ ಎತ್ತಿದ್ದರು. ನಿಯಮದ ಪ್ರಕಾರ ಬಾಲ್ಡ್‌ವಿನ್ ಹೋಗಬೇಕಾಗಿರಲಿಲ್ಲ. ತನ್ನ ಜನರ ಪ್ರತಿನಿಧಿಗಳ ವಿಶ್ವಾಸ ತನಗಿಲ್ಲವೆಂದು ಜೂನ್ 30ರಂದು ರಾಜೀನಾಮೆ ಕೊಟ್ಟ. ವರ್ಷದ ಕೊನೆಯಲ್ಲಿ ನಡೆದ ಚುನಾವಣೆಯಲ್ಲಿ ಅವನು ಸೋತ. ಮೆಕೆಂಜಿ ಗೆದ್ದ, ಮತ್ತೆ ಏಳು ವರ್ಷ ಸದನದಲ್ಲಿ ಕೂತು ಸರ್ಕಾರದ ಲೆಕ್ಕಪತ್ರ ತೆಗೆಸಿ ನೋಡುತ್ತಿದ್ದ.